ನಾಲೆ ನಿಂತಾಗ ಕೊಂಡ ಮನೆ

ರೊಟ್ಟಿ ಬಡಿಯುತ್ತಿದ್ದೆ. ಬೆನ್ನ ಹಿಂದಿನ ಗೋಡೆ ಟಪ್ಪೆಂದಿತು. ತಿರುಗಿ ನೋಡಿದರೆ ಕಿಟಕಿಯ ಮೂಲೆಯಿಂದ ತಾರಸಿಯವರೆಗೆ ಬಿರುಕು. ಕಟ್ಟಿ ಮೂರೇ ವರ್ಷವಾದ ಮನೆ! ಬಿಜಾಪುರದಲ್ಲಿ ನಮ್ಮಜ್ಜ ಕಟ್ಟಿಸಿದ ಕಲ್ಲುಗೋಡೆ ಇವತ್ತಿಗೂ ಮಿಸುಕಿಲ್ಲ.

ನನ್ನ ಯಜಮಾನರಿಗೆ ಪಾಂಡವಪುರಕ್ಕೆ ವರ್ಗವಾಗಿತ್ತು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ನಾಲೆ ನಿಂತಿದ್ದಾಗ, ಬಾಬುರಾಯನಕೊಪ್ಪಲಿನ ಈ ಮನೆ ಕೊಂಡೆವು. ಗದ್ದೆಗೆ ಮಣ್ಣು ತುಂಬಿ ಕಟ್ಟಿದ್ದರಂತೆ. ನಾಲೆ ಹರಿದು ಸುತ್ತಲಿನ ಗದ್ದೆ ತುಂಬಿದಾಗ ಅಡಿಯ ಮಣ್ಣು ಕುಸಿಯುತ್ತದೆ. ಹನಿ ನೀರಿಗೆ ಹಂಬಲಿಸುವ ಸೀಮೆಯವರು ನಾವು. ನೀರು ಬಿಟ್ಟ ಮೇಲೆ ಮನೆ ನೋಡಬೇಕೆಂಬ ಬುದ್ಧಿ ನಮಗೆ ಎಲ್ಲಿಂದ ಬರಬೇಕು?

‘ಇಂತಿಷ್ಟು ವರ್ಷದವರೆಗೆ ಗೋಡೆಗೆ ನಾನು ಹೊಣೆ’ ಎಂದು ಕಟ್ಟಿದವರಾಗಲಿ ಮಾರಿದವರಾಗಲಿ ಬರೆದುಕೊಟ್ಟಿರಲಿಲ್ಲ. ಕಟ್ಟಿದ ಕಂಟ್ರಾಕ್ಟರನನ್ನು ಕೇಳಿದರೆ, “ನಾನ್ ಕಟ್ಕೊಟ್ಟಿದ್ದು ಅವ್ರಿಗೆ ಕಣಮ್ಮ, ನಿಮ್ಗಲ್ಲ” ಎಂದ. ಮಾರಿದಾತ ನಾಗಮಂಗಲದ ಕಡೆ ಹೋಗಿ ನೆಲೆಸಿದ್ದ. ಅಲ್ಲಿಗೂ ಹೋದೆವು, ಕಾಫಿ ಕೊಟ್ಟು ಸಾಗಹಾಕಿದ.

“ಮೊದಲೇ ಹೇಳಬಾರದಿತ್ತಾ?” ಎಂದು ಪಕ್ಕದ ಮನೆಯ ಜಯಮ್ಮನ ಮೇಲೆ ರೇಗಿದೆ.

“ಎಂಗ್ ಯೋಳದು? ಮಾರ್ದೋನು ನಮ್ಮೂರೋನು. ಅವ್ನ ಯಾಪಾರ ಕೆಡಸಕ್ಕಾಯ್ತದಾ?” ಎನ್ನುತ್ತಲೇ ಮುದ್ದೆ ಬಡಿಸಿದಳು. ಸಿಟ್ಟಿನಲ್ಲೇ ಉಂಡೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವಳೂ ಅವಳೇ.

ಮಳೆಗಾಲಕ್ಕೆ ಬಿರುಕು, ಬೇಸಿಗೆಗೆ ಸಿಮೆಂಟು. ಹೀಗೇ ವರ್ಷಗಳು ಕಳೆದವು. ಮಾರಿ ಊರು ಸೇರೋಣವೆಂದರೆ ಇಲ್ಲಿಯವರು ಯಾರೂ ಕೊಳ್ಳರು, ಎಲ್ಲರಿಗೂ ಗೊತ್ತು. ನಮ್ಮಂಥ ಪರವೂರಿನವರೇ ಬರಬೇಕು, ಅದೂ ನಾಲೆ ನಿಂತಾಗ.

ಬಂದರು. ಸಿಂದಗಿ ಕಡೆಯ ಗಂಡ ಹೆಂಡತಿ, ಕಂಕುಳಲ್ಲೊಂದು ಕೂಸು. ಬಿರುಕಿನ ಮೇಲೆ ಬಳಿದ ಸುಣ್ಣ ಆಗಷ್ಟೇ ಒಣಗಿತ್ತು. ಯಾರೂ ಕೇಳದಿದ್ದರೂ ಜಯಮ್ಮ ಬೇಲಿಯಾಚೆಯಿಂದ, “ಬಂಗಾರ್ದಂಗದೆ ಕಣವ್ವ ಮನೆ, ಕಣ್ ಮುಚ್ಕಂಡ್ ತಕ್ಕಳಿ” ಎಂದಳು. ನನಗಾಗಿ ಆಡಿದ ಮಾತದು. ಇಷ್ಟು ವರ್ಷಕ್ಕೆ ನಾನೂ ಅವಳ ಊರಿನವಳಾಗಿದ್ದೆ! ಕಣ್ಣು ತುಂಬಿ ಬಂತು.

ಆ ಹುಡುಗಿ ಗೋಡೆ ಸವರುತ್ತಾ ಕೇಳಿದಳು: “ಅಕ್ಕಾರ, ಗ್ವಾಡಿ ಗಟ್ಟಿ ಅದಾವಲ್ರೀ?”

ನಮ್ಮ ಕಡೆಯ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. “ನಾಲಾಕ ನೀರ ಬಿಟ್ಟಾಗ ಬಂದ ನೋಡವಾ ತಂಗಿ” ಎಂದುಬಿಟ್ಟೆ.

ಅವರು ಮತ್ತೆ ಬರಲಿಲ್ಲ. ಯಜಮಾನರು ಮತ್ತೊಂದು ಸಿಮೆಂಟಿನ ಚೀಲ ತಂದು ಗೋಡೆಗೆ ಒರಗಿಸಿದರು. ಜಯಮ್ಮ, “ನಿಮ್ಗೋಸ್ಕರ ಸುಳ್ ಯೋಳುದ್ನಲ್ಲ, ನನ್ ಮಾನ ಕಳುದ್ಬುಟ್ರಿ” ಎಂದವಳು ಬೇಲಿಯ ಕಡೆಗೆ ಬರುವುದನ್ನೇ ಬಿಟ್ಟಳು.

ಯಾವಾಗ ಬರ್ತೀ ಎಂದು ಬಿಜಾಪುರದಿಂದ ನೀವು, ನನ್ನ ಊರಿನವರು, ಕೇಳುತ್ತಲೇ ಇರುತ್ತೀರಿ. ಈ ಮನೆ ಮಾರದೆ ಬರುವಂತಿಲ್ಲ. ಮಾರಬೇಕೆಂದರೆ ನಾಲೆಯ ಗುಟ್ಟು ತಿಳಿಯದ ನಿಮ್ಮಂಥವರಿಗೇ ಮಾರಬೇಕು.