ಅಂಕಲ್ ಆರಿಸಿದ ಹಲಗೆ

ಸೋಲಾಪುರದ ಚಾದರ ಬಿಚ್ಚಿದಾಗ ಮೊದಲು ಮೂಗಿಗೆ ಬಂದದ್ದು ಮೇಣದ ವಾಸನೆ. ಮೇಣದಬತ್ತಿಯದಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಯ ಬಿಸಿಗೆ ಕರಗಿಸಿ, ಹಿಮದ ಮೇಲೆ ನಿಂತು ಜಾರುವ ಸ್ನೋಬೋರ್ಡಿನ ಅಡಿಗೆ ಬಳಿಯುವ ಮೇಣ. ಅದರ ಜೊತೆ ಸ್ವಲ್ಪ ನುಸಿಗುಳಿಗೆ, ಸ್ವಲ್ಪ ಗ್ಯಾರೇಜಿನ ತೇವ. ಚಾದರದೊಳಗಿಂದ ನೀಲಿ ಹಲಗೆ ಹೊರಬಂತು. ಬೂಟು ಕಟ್ಟುವ ಪಟ್ಟಿಗಳ ಬುಡದಲ್ಲಿ, ಒಮ್ಮೆ ಒಂದು ದಿಕ್ಕಿಗೆ ಬಿಗಿದು ಆಮೇಲೆ ಇನ್ನೊಂದು ದಿಕ್ಕಿಗೆ ತಿರುಗಿಸಿದ ಗೀರುಗಳು ಹಾಗೇ ಇದ್ದವು. ನ್ಯೂಜರ್ಸಿಯ ಮೆಟುಚೆನ್ನಿನ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಆ ಗೀರುಗಳ ಮೇಲೆ ಬೆರಳಾಡಿಸುತ್ತಿದ್ದೆ, ಕಾಫಿಗಿಟ್ಟ ಹಾಲು ಅತ್ತ ಉಕ್ಕಿ ಹೋಯಿತು...

ಹಲಗೆ ತಂದವಳು ಅಂಕಲ್ ಮಗಳು. ಅಂಕಲ್ ತೀರಿಕೊಂಡು ಎರಡು ಚಳಿಗಾಲ ಕಳೆದಿವೆ. ಆಂಟಿ ಈಗ ಮಗಳ ಜೊತೆ ಇರಲು ಹೊರಟಿದ್ದಾರೆ, ಸಮರ್‌ಸೆಟ್ಟಿನ ಮನೆ ಖಾಲಿಯಾಗುತ್ತಿದೆ. ಇದು ನಿಮ್ಮಲ್ಲೇ ಇರಬೇಕು ಅಂತ ಅವಳು ಇಂಗ್ಲಿಷಿನಲ್ಲಿ ಹೇಳಿ, ಹಲಗೆಯನ್ನು ಊಟದ ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿದಳು.

ಅಂಕಲ್ ನನಗೆ ನೆಂಟರೇನಲ್ಲ. ವೈ-ಟು-ಕೆ ಗಲಾಟೆಯ ಕಾಲದಲ್ಲಿ ನಾನು ಮಾರಿಸ್‌ಟೌನಿನ ಒಂದು ಆಫೀಸಿಗೆ ಕಾಂಟ್ರಾಕ್ಟ್ ಮೇಲೆ ಬಂದಿದ್ದೆ. ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಎರಡಂಕಿಯ ವರ್ಷಗಳನ್ನು ಹುಡುಕಿ ಹುಡುಕಿ ನಾಲ್ಕಂಕಿ ಮಾಡುವುದು ಕೆಲಸ. ಮೈಸೂರಿನಲ್ಲಿ ಸ್ಕೂಟರಿನ ಮೇಲೆ ಮೆರೆದವಳು ಇಲ್ಲಿ ರೋಡ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದೆ. ಅದೇ ಕಟ್ಟಡದಲ್ಲಿ ಇಪ್ಪತ್ತು ವರ್ಷದಿಂದ ಎಂಜಿನಿಯರ್ ಆಗಿದ್ದ ಅಂಕಲ್, ಸಮರ್‌ಸೆಟ್ಟಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲೇ ಇದ್ದರು. ದಿನಾ ಬೆಳಗ್ಗೆ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ನಾಲ್ಕು ವರ್ಷ ಹಾಗೆ ಕಳೆಯಿತು. ಲೈಸೆನ್ಸ್ ಸಿಕ್ಕ ಮೇಲೂ ನಾನು ಅವರ ಪಕ್ಕದ ಸೀಟು ಬಿಡಲಿಲ್ಲ.

ಬಿಜಾಪುರದವರು. ಅಷ್ಟು ವರ್ಷ ಅಲ್ಲಿದ್ದೂ ಗೋಳಗುಮ್ಮಟ ಒಮ್ಮೆಯೂ ಹತ್ತಿರಲಿಲ್ಲ. ನಾನು ಅದನ್ನು ಹಿಡಿದು ಕಾಲೆಳೆದಾಗಲೆಲ್ಲ, ಅದು ಹೊರಗಿನಿಂದ ಬಂದ ಮಂದಿಗೆ ಇರೋದು ಅಂತ ನಕ್ಕುಬಿಡುತ್ತಿದ್ದರು. ಹೈವೇಯಲ್ಲಿ ನದಿಯ ಮೇಲಿನ ಸೇತುವೆ ಬಂದಾಗ ಮಾತು ನಿಲ್ಲಿಸಿ ನಡುವಿನ ಲೇನಿಗೆ ಸರಿಯುತ್ತಿದ್ದರು. ಜಾಗರೂಕ ಮನುಷ್ಯ ಅಂದುಕೊಂಡೆ. ಎಲ್ಲದರಲ್ಲೂ ಹಾಗೇ ಇದ್ದರಲ್ಲ. ಒಂದು ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ನಾಲ್ಕು ತಿಂಗಳು ಎಕ್ಸೆಲ್ ಶೀಟ್ ತುಂಬಿಸಿದವರು. ಇವರು ಆರಿಸಿ ತರೂದರಾಗ ಮನ್ಯಾಗಿನ ಧೂಳಿಗೆ ವಯಸ್ಸಾಗ್ತದ ಅಂತ ಆಂಟಿ ನನ್ನೆದುರಿಗೇ ದೂರುತ್ತಿದ್ದರು.

ಒಂದು ಸೆಪ್ಟೆಂಬರಿನಲ್ಲಿ ಆ ಎಕ್ಸೆಲ್ ಶೀಟಿನಲ್ಲಿ ಸ್ನೋಬೋರ್ಡುಗಳು ಕಾಣಿಸಿಕೊಂಡವು. ಐವತ್ತು ತುಂಬಿದ, ಚಳಿ ಶುರುವಾದರೆ ಮಂಕಿ ಕ್ಯಾಪ್ ಇಲ್ಲದೆ ಅಂಚೆಡಬ್ಬಿಯ ತನಕವೂ ಹೋಗದ ಮನುಷ್ಯ! ನನಗೆ ನಗು ತಡೆಯಲಾಗಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಟ್ರಾಫಿಕ್ಕಿನಲ್ಲಿ ನಿಂತಾಗ ವಿಷಯ ಹೇಳಿದರು.

ಮಗಳಿಗೆ ಆಗ ಹದಿನಾಲ್ಕು. ಮನೆಯಲ್ಲಿ ಅವಳ ಕೋಣೆಯ ಬಾಗಿಲು ಸದಾ ಹಾಕಿರುತ್ತಿತ್ತು. ಕಾರಿನಲ್ಲಿ ಕೂರಿಸಿಕೊಂಡರೆ ಕಿವಿಗೆ ವಾಕ್‌ಮನ್. ಇವರು ಕನ್ನಡದಲ್ಲಿ ನಾಲ್ಕು ಮಾತು ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಉತ್ತರ, ಅದೂ ಬಂದರೆ ಬಂತು. ಹಿಂದಿನ ವರ್ಷ ಶಾಲೆಯ ಸ್ಕೀ ಕ್ಲಬ್ ಸೇರಿ ಸ್ನೋಬೋರ್ಡ್ ಕಲಿತಿದ್ದಳು. ಶನಿವಾರ ಬಂದರೆ ಅಂಕಲ್ ಅವಳನ್ನು ಉತ್ತರ ಜರ್ಸಿಯ ಗುಡ್ಡಕ್ಕೆ ಬಿಟ್ಟು, ಕೆಳಗಿನ ಕ್ಯಾಂಟೀನಿನಲ್ಲಿ ಕ್ಲಬ್ಬಿನ ಮಕ್ಕಳ ಚೀಲ ಕಾಯುತ್ತ ಕೂತಿರುತ್ತಿದ್ದರು. ಅಲ್ಲಿಂದ ಕಾಣುತ್ತಿದ್ದದ್ದು ಚೇರ್‌ಲಿಫ್ಟ್. ಇಬ್ಬಿಬ್ಬರನ್ನು ಕೂರಿಸಿಕೊಂಡು ತಂತಿಯ ಮೇಲೆ ನಿಧಾನಕ್ಕೆ ಮೇಲೇರುವ ಕುರ್ಚಿಗಳು. ಅಂಕಲ್ ಗಡಿಯಾರ ಹಿಡಿದು ನೋಡಿದ್ದರು.

"ತಳದಿಂದ ತುದಿಗೆ ಎಂಟು ನಿಮಿಷ ನೋಡವಾ. ಬಾಗಲಾ ಇಲ್ಲ, ಬಡದು ಹಾಕ್ಕೊಳ್ಳಾಕ. ಇಳದು ಹೋಗಾಕ ಬರೂದಿಲ್ಲ. ಎಂಟು ನಿಮಿಷ ನನ್ನ ಬಾಜೂಕ ಕೂಡಬೇಕು."

ಮಗಳನ್ನು ಕೇಳಿಯೂ ಇದ್ದರಂತೆ. ಅವಳು ಭುಜ ಕುಣಿಸಿ, ಮೇಲಿನಿಂದ ನೀನೇ ಇಳಿದು ಬರುವಷ್ಟು ಕಲಿತರೆ ಕೂತುಕೋ ಎಂದಿದ್ದಳು. ಅವಳು ಮಾತಿಗೆ ಹೇಳಿದ್ದು. ಅಂಕಲ್ ಅದನ್ನು ಕರಾರಿನ ಹಾಗೆ ಹಿಡಿದುಕೊಂಡರು. ನಾಲ್ಕು ವರ್ಷದಲ್ಲಿ ಕಾಲೇಜಿಗೆ ಹೋಗಿಬಿಡುತ್ತಾಳೆ, ಅಷ್ಟರೊಳಗೆ ಆಗಬೇಕು ಎನ್ನುತ್ತಿದ್ದರು.

ಡಿಸೆಂಬರಿನ ಹೊತ್ತಿಗೆ ನನಗೂ ಸ್ನೋಬೋರ್ಡಿನ ಪುರಾಣ ಬಾಯಿಪಾಠವಾಗಿತ್ತು. ಕಸರತ್ತು ಮಾಡುವವರಿಗೆ ಮೆತ್ತನೆಯ, ಎರಡೂ ತುದಿ ಒಂದೇ ಥರ ಇರುವ ಹಲಗೆ. ಆಳವಾದ ಹೊಸ ಹಿಮಕ್ಕೆ ಮುಂದಿನ ತುದಿ ಅಗಲವಾದ ಉದ್ದನೆಯದು. ವೇಗದವರಿಗೆ ಬಿರುಸಾದದ್ದು. ಇವೆಲ್ಲದರ ನಡುವೆ ಆಲ್-ಮೌಂಟನ್ ಅಂತ ಒಂದು ಜಾತಿ. ಯಾವುದರಲ್ಲೂ ಮೊದಲಿಗನಲ್ಲ, ಯಾವುದರಲ್ಲೂ ಕೈ ಕೊಡುವುದಿಲ್ಲ. ನಮ್ಮ ಜರ್ಸಿಯ ಗುಡ್ಡದ ಹಿಮ ಬೆಳಗ್ಗೆ ಗಾಜು, ಮಧ್ಯಾಹ್ನ ಕೆಸರು. ಅದಕ್ಕೆ ಇದೇ ಸರಿ ಅಂತ ಮಾರಿಸ್‌ಟೌನಿನ ಅಂಗಡಿಯ ಬಿಳಿಗಡ್ಡದ ಮುದುಕ ಹೇಳಿದಾಗ ಅಂಕಲ್ ಮುಖ ಅರಳಿತು. ಅನ್ನ, ಬ್ಯಾಳಿ, ಇಡ್ಲಿ ಎಲ್ಲದಕ್ಕೂ ಮನ್ಯಾಗ ಒಂದ ಕುಕ್ಕರ್ ಇದ್ದಂಗ ಅಂತ ನನ್ನ ಕಿವಿಯಲ್ಲಿ ಹೇಳಿದರು.

ಮೂರು ಆಲ್-ಮೌಂಟನ್ ಹಲಗೆಗಳು ಕೊನೆಯ ಸುತ್ತಿಗೆ ಬಂದವು. ಎಕ್ಸೆಲ್ ಶೀಟಿನ ಪ್ರಕಾರ ಕಪ್ಪು ಹಲಗೆ ಗೆದ್ದಿತ್ತು. ಅಂಚು ಗಟ್ಟಿ, ಅಗಲ ಅವರ ಪಾದಕ್ಕೆ ಸರಿ. ಮುದುಕನೂ ಅದನ್ನೇ ಎತ್ತಿಟ್ಟ. ಅಂಕಲ್ ಮಾತ್ರ ಮೂರನ್ನೂ ಒಂದೊಂದಾಗಿ ಒಂದೇ ಕೈಯಲ್ಲಿ ಹಿಡಿದು ತೂಗಿದರು, ಮತ್ತೆ ತೂಗಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಪ್ರಿಂಟ್ ಮಾಡಿ ತಂದಿದ್ದ ಶೀಟಿನ ಅಂಚಿನಲ್ಲಿ 'ತೂಕ' ಅಂತ ಹೊಸ ಕಾಲಂ ಬರೆದು, ಮೂರನೇ ಸ್ಥಾನದಲ್ಲಿದ್ದ ನೀಲಿ ಹಲಗೆಗೆ ಅದೊಂದರಲ್ಲೇ ಎಲ್ಲ ಅಂಕ ಕೊಟ್ಟು ಗೆಲ್ಲಿಸಿಬಿಟ್ಟರು. ಹಗುರವಾದದ್ದು ಮಂಜುಗಡ್ಡೆಯ ಮೇಲೆ ನಡುಗುತ್ತದೆ ಎಂದು ಮುದುಕ ಎಚ್ಚರಿಸಿದ. ನಡಗಲಿ ಎಂದರು. ಮೂರು ತಿಂಗಳ ಲೆಕ್ಕಾಚಾರ ಹೀಗೆ ಪೆನ್ನಿನ ತುದಿಯಲ್ಲಿ ಕೆಟ್ಟಿತಲ್ಲ ಅಂತ ನಾನು ಎಷ್ಟೋ ದಿನ ಆಡಿಕೊಂಡು ನಕ್ಕೆ.

ಯಾವ ಕಾಲು ಮುಂದೆ ಅಂತ ನೋಡಲು ಹಿಂದಿನಿಂದ ಮೆಲ್ಲಗೆ ತಳ್ಳಬೇಕಂತೆ. ಮುಗ್ಗರಿಸಿದಾಗ ತಾನಾಗಿ ಮುಂದೆ ಬಂದ ಕಾಲೇ ಮುಂದಿನ ಕಾಲು. ಮುದುಕ ಆ ಕೆಲಸ ನನಗೆ ಹೇಳಿದ. ಹಿರಿಯರನ್ನು ತಳ್ಳುವುದು ಹೇಗೆ? ಎರಡು ಬೆರಳಲ್ಲಿ ಮುಟ್ಟಿದೆ, ಅಂಕಲ್ ಅಲ್ಲಾಡಲಿಲ್ಲ. ಎರಡನೇ ಸಲ ಕಣ್ಣು ಮುಚ್ಚಿ ತಳ್ಳಿದೆ. ಅವರು ಬಲಗಾಲು ಮುಂದಿಟ್ಟರು. ಮುದುಕ ಬಲಗಾಲು ಮುಂದಿರುವಂತೆ ಪಟ್ಟಿಗಳನ್ನು ಬಿಗಿದುಕೊಟ್ಟ.

ಅಲ್ಲಿಂದ ಮೂರು ಶನಿವಾರ ಅಂಕಲ್ ಬಿದ್ದರು. ಮಕ್ಕಳು ಕಲಿಯುವ ಇಳಿಜಾರಿನಲ್ಲಿ, ಐದು ವರ್ಷದವರ ನಡುವೆ, ಮಂಕಿ ಕ್ಯಾಪ್ ಹಾಕಿಕೊಂಡು ಮುಂದಕ್ಕೆ ಬಿದ್ದರು, ಹಿಂದಕ್ಕೆ ಬಿದ್ದರು. ನಾನು ಥರ್ಮಾಸಿನಲ್ಲಿ ಚಹಾ ಹಿಡಿದು ಬೇಲಿಯ ಪಕ್ಕ ನಿಂತಿರುತ್ತಿದ್ದೆ. ಸೋಮವಾರ ಕಾರಿನಲ್ಲಿ ಅಯೋಡೆಕ್ಸಿನ ವಾಸನೆ. ಮೂರನೇ ಶನಿವಾರ ಬಿದ್ದವರು ಏಳದೆ ಸುಮ್ಮನೆ ಆಕಾಶ ನೋಡುತ್ತ ಮಲಗಿಬಿಟ್ಟರು. ಇನ್ನು ಬಿಟ್ಟುಬಿಡುತ್ತಾರೆ ಅನ್ನಿಸಿತು.

ಆಗ ಮೇಲಿನಿಂದ ಜಾರಿಕೊಂಡು ಮಗಳು ಬಂದು ನಿಂತಳು. ಎಷ್ಟು ದಿನದಿಂದ ದೂರದಿಂದ ನೋಡುತ್ತಿದ್ದಳೋ... ಅಪ್ಪನನ್ನು ಎಬ್ಬಿಸಿ, ಕಾಲಿನಿಂದ ಹಲಗೆ ಬಿಚ್ಚಿಸಿ, ಹಿಂದಿನಿಂದ ಒಮ್ಮೆ ಜೋರಾಗಿ ದೂಡಿದಳು. ಎಡಗಾಲು ಮುಂದೆ ಬಂತು. ಅಂಗಡಿಯಲ್ಲಿ ಬಲಗಾಲು ಯಾಕಿಟ್ಟೆ ಅಂತ ಕೇಳಿದಳು.

"ಹೊಸಾ ಕೆಲಸಾ ಅಲಾ, ಬಲಗಾಲಿಟ್ಟ ಸುರು ಮಾಡಬೇಕು," ಎಂದರು ಅಂಕಲ್, ಅಪರಾಧಿಯ ಹಾಗೆ.

ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆವತ್ತು. ಎಲ್ಲಿಂದಲೋ ಸ್ಕ್ರೂಡ್ರೈವರ್ ತಂದು, ಹಿಮದಲ್ಲಿ ಮಂಡಿಯೂರಿ, ಕೈಗವಸು ತೆಗೆದು, ಪಟ್ಟಿಗಳನ್ನು ತಿರುಗಿಸಿ ಎಡಗಾಲು ಮುಂದಿರುವಂತೆ ಬಿಗಿದುಕೊಟ್ಟಳು. ಆ ಗೀರುಗಳೇ ಇವು.

ಫೆಬ್ರವರಿಯ ಕೊನೆಯಲ್ಲಿ ಅಂಕಲ್ ಮಗಳ ಪಕ್ಕ ಚೇರ್‌ಲಿಫ್ಟಿನಲ್ಲಿ ಕೂತರು. ಲಿಫ್ಟ್ ಹತ್ತುವಾಗ ಹಿಂದಿನ ಕಾಲಿನ ಪಟ್ಟಿ ಬಿಚ್ಚಿ, ಮುಂದಿನ ಕಾಲಿಗಷ್ಟೇ ಹಲಗೆ ಕಟ್ಟಿಕೊಂಡಿರುತ್ತಾರೆ. ಕೆಳಗಿನಿಂದ ನನಗೆ ಕಂಡದ್ದು ಎರಡು ಬೆನ್ನು, ಎಡಗಾಲಿಗೆ ಕಟ್ಟಿದ ಎರಡು ಹಲಗೆಗಳು ಗಾಳಿಯಲ್ಲಿ ತೂಗುತ್ತಿದ್ದದ್ದು, ಅಷ್ಟೇ. ಅರ್ಧ ಗಂಟೆಯ ಮೇಲೆ ಅಂಕಲ್ ಎರಡು ಸಲ ಬಿದ್ದು ಎದ್ದು ತಾವಾಗಿಯೇ ಇಳಿದು ಬಂದರು. ನಾನು ಚಪ್ಪಾಳೆ ತಟ್ಟಿದೆ. ಸೋಮವಾರ ಕಾರು ಹತ್ತಿದ ಕೂಡಲೇ, ಎಂಟು ನಿಮಿಷ ಏನು ಮಾತಾಡಿದಿರಿ ಅಂತ ಕೇಳಿದೆ.

"ಏನೂ ಇಲ್ಲವಾ. ಆಕೀನೂ ಸುಮ್ನ, ನಾನೂ ಸುಮ್ನ. ಮ್ಯಾಲಿಂದ ಏನ್ ಚಂದ ಕಾಣ್ತದಂತಿ! ಗುಡ್ಡಾ, ಗಿಡಾ, ಎಲ್ಲಾ ಬೆಳ್ಳಗ..." ಎಂದರು. ದಾರಿಯುದ್ದಕ್ಕೂ ಅವರ ಮುಖದಲ್ಲಿ ನಗು ಇತ್ತು. ಇಷ್ಟು ಒದ್ದಾಡಿದ್ದು ಸುಮ್ಮನಿರುವುದಕ್ಕಾ ಅಂತ ನನಗೆ ಒಳಗೊಳಗೇ ಪೆಚ್ಚೆನಿಸಿತು. ಅವರಿಗೆ ಅನ್ನಿಸಲಿಲ್ಲ. ಅವಳು ಕಾಲೇಜಿಗೆ ಹೋಗುವ ತನಕ ನಾಲ್ಕು ಚಳಿಗಾಲ, ಪ್ರತಿ ಶನಿವಾರ, ಅಪ್ಪ ಮಗಳು ಆ ಕುರ್ಚಿಯಲ್ಲಿ ಕೂತು ಮೇಲೆ ಹೋದರು. ಆಮೇಲಾಮೇಲೆ ಮಾತೂ ಆಡುತ್ತಿದ್ದರಂತೆ. ಅವಳ ಬಾಯಲ್ಲಿ ಅರ್ಧಂಬರ್ಧ ಕನ್ನಡ ಬಂದದ್ದೂ ಆ ಕುರ್ಚಿಯಲ್ಲೇ.

ಆ ಸೋಮವಾರದ ಕತೆಯನ್ನು ಈಗ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಅವಳಿಗೆ ಹೇಳಿದೆ. ಗುಡ್ಡ, ಗಿಡ, ಎಲ್ಲಾ ಬೆಳ್ಳಗೆ ಅಂದದ್ದನ್ನೂ ಅಂಕಲ್ ಧ್ವನಿಯಲ್ಲೇ ಹೇಳಿ ತೋರಿಸಿದೆ. ಅವಳು ಕಪ್ಪು ಕೆಳಗಿಟ್ಟಳು.

"ಆಂಟಿ, ಹೀ ಸಾ ನಥಿಂಗ್. ಕಣ್ಣು ಮುಚ್ಚಿದ್ದ. ಹೋಲ್ ವೇ."

ಅಪ್ಪನಿಗೆ ಎತ್ತರ ಕಂಡರೆ ಜೀವ ಹೋಗುತ್ತಿತ್ತಂತೆ. ಎರಡೂ ಕೈಯಲ್ಲಿ ಅಡ್ಡಪಟ್ಟಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ತುದಿ ಬರುವ ತನಕ 'ನಮಃ ಶಿವಾಯ' ಅಂತ ತುಟಿ ಅಲ್ಲಾಡಿಸುತ್ತಿದ್ದರಂತೆ. ತಾನು ಮಾತಾಡಿದರೆ ಎಲ್ಲಿ ಕಣ್ಣು ಬಿಟ್ಟು ಕೆಳಗೆ ನೋಡಿಬಿಡುತ್ತಾರೋ ಅಂತ ಅವಳು ಸುಮ್ಮನಿದ್ದಳಂತೆ. ತುದಿ ಹತ್ತಿರ ಬಂದಾಗ ಮಾತ್ರ ಅಪ್ಪನ ತೋಳು ಮುಟ್ಟಿ ತಿಳಿಸುತ್ತಿದ್ದಳು. ಮಾತು ಶುರುವಾದದ್ದು ಎರಡನೇ ಚಳಿಗಾಲದಲ್ಲಿ, ಆಗಲೂ ಅವರ ಕಣ್ಣು ಮುಚ್ಚಿಯೇ ಇರುತ್ತಿತ್ತು.

ನಿನಗೆ ಗೊತ್ತಿದೆ ಅಂತ ಅವರಿಗೆ ಯಾವತ್ತಾದರೂ ಹೇಳಿದೆಯಾ ಎಂದು ಕೇಳಿದೆ.

"ಇಲ್ಲ," ಎಂದಳು. "ಹೇಳಿದ್ರೆ ಬರ್ತಿರಲಿಲ್ಲ."

ಅವಳು ಹೊರಟ ಮೇಲೆ ಹಲಗೆಯ ಮುಂದೆ ಕೂತೆ. ಅಂಗಡಿಯಲ್ಲಿ ಅಂಕಲ್ ಒಂದೇ ಕೈಯಲ್ಲಿ ಎತ್ತಿ ತೂಗಿದ್ದು, ಶೀಟಿನ ಅಂಚಿಗೆ ಆ ಕಾಲಂ ಬರೆದದ್ದು ಕಣ್ಣ ಮುಂದೆ ಬಂತು. ನೆಲದ ಮೇಲೆ ಜಾರುವುದಕ್ಕೆ ಅವರು ಹಲಗೆ ಹುಡುಕುತ್ತಿರಲೇ ಇಲ್ಲ. ಅಷ್ಟೆತ್ತರದಲ್ಲಿ ಒಂಟಿ ಕಾಲಿಗೆ ಜೋತುಬಿದ್ದು ಕೆಳಗೆ ಎಳೆಯದ ಹಲಗೆ ಹುಡುಕುತ್ತಿದ್ದರು. ಪಕ್ಕದ ಸೀಟಿನಲ್ಲಿ ನಾಲ್ಕು ವರ್ಷ ಕೂತವಳು ನಾನು, ಗೋಳಗುಮ್ಮಟವನ್ನೂ ಆ ಕಾಲಂ ಅನ್ನೂ ಹಿಡಿದು ಅವರನ್ನು ಗೇಲಿ ಮಾಡಿದ್ದೆ. ತಪ್ಪಾಯಿತು ಅಂಕಲ್ ಅನ್ನಲು ಇನ್ನು ಯಾವ ಸೋಮವಾರವೂ ಇಲ್ಲ. ಅವರು ನಕ್ಕುಬಿಡುತ್ತಿದ್ದರು ಅನ್ನುವುದೂ ಗೊತ್ತು.

ಗ್ಯಾರೇಜಿನ ಗೋಡೆಯಲ್ಲಿ ಮೊಳೆ ಇತ್ತು. ಚಾದರ ಮಡಿಸಿಟ್ಟು, ಹಲಗೆಯನ್ನು ಅವರ ಹಾಗೆಯೇ ಒಂದೇ ಕೈಯಲ್ಲಿ ಎತ್ತಿದೆ. ನಿಜಕ್ಕೂ ಹಗುರವಾಗಿತ್ತು.