ಇಪ್ಪತ್ನಾಲ್ಕು ತಾಳಕ್ಕೆ ಒಂದು ತೂಕ

ಬೆಳಗಿನ ಐದೂವರೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡಿಗೆ ಮೊಣಕೈವರೆಗೆ ಕೈ ತೊಳೆದು ಬರುವ ಐವತ್ತೆರಡರ ಈ ಹೆಂಗಸು ನೆಟ್ಟಗೆ ಹೋಗುವುದು ತೂಕದ ಯಂತ್ರದ ಬಳಿಗೆ. ಒಂದು ಕಿಲೋದ ಉಕ್ಕಿನ ತೂಕದ ಬಟ್ಟನ್ನು ತಟ್ಟೆಯ ಮೇಲಿಡುತ್ತಾರೆ, ಅಂಕಿ ನೋಡುತ್ತಾರೆ, ಎತ್ತುತ್ತಾರೆ, ಮತ್ತೆ ಇಡುತ್ತಾರೆ. ಹೀಗೆ ಇಪ್ಪತ್ತು ಸಲ.

"ಹತ್ತೊಂಬತ್ತು ಸಲ ಸರಿ ಬಂದ್ರೆ ಸಾಲಲ್ಲ," ಎನ್ನುತ್ತಾರೆ ಕಣ್ಣು ಕೀಳದೆ. "ಇಪ್ಪತ್ತನೇದು ಯಾವ ಮಗುವಿನ ಪಾಲಿಗೆ ಬರ್ತದೋ ನಂಗೇನು ಗೊತ್ತು?"

ಆಸ್ಪತ್ರೆಗೆಲ್ಲ ಇವರು 'ರಿಪೇರಿ ಅಕ್ಕ'. ಕಾಗದದಲ್ಲಿ ಇವರ ಕೆಲಸ ಬಲ್ಬು, ಫ್ಯಾನು ನೋಡಿಕೊಳ್ಳುವುದು. ಇಪ್ಪತ್ತಾರು ವರ್ಷಗಳಿಂದ ಕೆಟ್ಟದ್ದೆಲ್ಲ ಬರುವುದು ಇವರ ಮೇಜಿಗೇ. ವಿದ್ಯೆ ಕಲಿಸಿದ್ದು ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪ. "ಊರಿನ ಯಂತ್ರಕ್ಕೆಲ್ಲ ಇವಳೇ ಡಾಕ್ಟ್ರು. ನಮ್ಮನೆ ಇಸ್ತ್ರಿಪೆಟ್ಟಿಗೆ ಮಾತ್ರ ಆರು ತಿಂಗಳಿಂದ ಸರದಿಯಲ್ಲಿ ಕೂತಿದೆ," ಎಂದು ಗಂಡ ನಗುತ್ತಾರೆ.

ಕಳೆದ ವರ್ಷ ವಾರ್ಡಿನ ತೂಕದ ಯಂತ್ರದ ಪರದೆ ಸತ್ತಿತು. ಆ ಮಾದರಿಯನ್ನು ತಯಾರಿಸುವುದೇ ನಿಂತುಹೋಗಿತ್ತು. ಹೊಸದು ಬರಲು ತಿಂಗಳುಗಳೇ ಬೇಕು. ಹದಿನಾಲ್ಕು ಕೂಸು, ದಿನಕ್ಕೆ ಮೂರು ಸಲ ತೂಕ, ತೂಕ ನೋಡಿ ಔಷಧಿ. ಬಿಚ್ಚಿ ನೋಡಿದ ಅಕ್ಕನಿಗೆ ಒಳಗೆ ಎರಡು ತಂತಿಗಳಲ್ಲಿ ಇನ್ನೂ ಜೀವ ಕಂಡಿತು.

"ಒಂದ್ರಲ್ಲಿ ಅಂಕಿ ಬರ್ತದೆ, ಇನ್ನೊಂದು ತಾಳ ಹಾಕ್ತದೆ. ತಾಳ ಬಿದ್ದಾಗ ಅಂಕಿ ತಂತಿ ಕಡೆ ನೋಡಿದ್ರೆ ಸೊನ್ನೆನೋ ಒಂದೋ ಸಿಗ್ತದೆ. ಇಪ್ಪತ್ನಾಲ್ಕು ತಾಳಕ್ಕೆ ಒಂದು ತೂಕ. ತಾಳ ಹಾಕೋದು ಯಂತ್ರ, ನಾವಲ್ಲ. ನಮಗೋಸ್ಕರ ಅದು ಕಾಯಲ್ಲ."

ಶಾಲಾ ಮಕ್ಕಳು ಕಲಿಯಲು ಬಳಸುವ, ಬೆಂಕಿಪೊಟ್ಟಣದಷ್ಟಿರುವ ಮೈಕ್ರೊಕಂಟ್ರೋಲರ್ ಬೋರ್ಡೊಂದನ್ನು ತಂದು, ಆ ಎರಡು ತಂತಿಗೆ ಸಿಕ್ಕಿಸಿ, ತಾವೇ ಪ್ರೋಗ್ರಾಂ ಬರೆದು, ಪುಟ್ಟ ಪರದೆ ಜೋಡಿಸಿದರು. ಮೂರು ದಿನ ಪರೀಕ್ಷಿಸಿ ಮುಖ್ಯ ವೈದ್ಯೆ ಒಪ್ಪಿದರು.

ಒಂಬತ್ತನೆಯ ದಿನದ ಮುಂಜಾನೆಯನ್ನು ಹೇಳುವಾಗ ಅಕ್ಕನ ದನಿ ತಗ್ಗುತ್ತದೆ. ಬೇರೆ ಆಸ್ಪತ್ರೆಯಿಂದ ಆಗಷ್ಟೇ ಕೂಸೊಂದು ಬಂದಿದೆ, ಉಸಿರು ಏರುಪೇರು. ಅಕ್ಕ ಸ್ಟೂಲಿನ ಮೇಲೆ ನಿಂತು ಬಲ್ಬು ಹಾಕುತ್ತಿದ್ದಾರೆ. ನರ್ಸ್ ಕೂಸನ್ನು ತಟ್ಟೆಯಲ್ಲಿಟ್ಟು "ಎರಡು ಸಾವಿರದ ಎಂಟುನೂರಿಪ್ಪತ್ತು ಗ್ರಾಂ" ಎಂದು ಕೂಗುತ್ತಾರೆ. ಕಿರಿಯ ವೈದ್ಯ ಲೆಕ್ಕ ಹಾಕುತ್ತಾನೆ. ಸಿರಿಂಜಿಗೆ ಔಷಧಿ ಏರುತ್ತದೆ. ಬಟ್ಟೆ, ನಳಿಗೆಗಳ ನಡುವಿನಿಂದ ಹೆಬ್ಬೆರಳಷ್ಟು ದಪ್ಪದ ಒಂದು ಕಾಲು ಅಕ್ಕನ ಕಣ್ಣಿಗೆ ಬೀಳುತ್ತದೆ. ಎರಡೂಮುಕ್ಕಾಲು ಕಿಲೋದ ಕೂಸಿನ ಕಾಲಲ್ಲ ಅದು.

"ಸಿಸ್ಟರ್, ತಡೀರಿ! ಔಷಧಿ ಕೊಡಬೇಡಿ!"

"ಟೈಮಿಲ್ಲ ಅಕ್ಕಾ, ಸುಮ್ನಿರಿ!"

"ಆ ಅಂಕಿ ಸುಳ್ಳು. ತಪ್ಪು ನನ್ನದು!"

ಹೆರಿಗೆ ವಾರ್ಡಿನಿಂದ ಇನ್ನೊಂದು ಯಂತ್ರ ಓಡೋಡಿ ಬರುತ್ತದೆ. ಸಾವಿರದ ನಾನೂರ ಹತ್ತು. ಸರಿಯಾಗಿ ಅರ್ಧ. ನರ್ಸ್ ಸಿರಿಂಜಿನ ಅರ್ಧ ಔಷಧಿ ಚೆಲ್ಲುತ್ತಾರೆ.

"ಇನ್ಮೇಲೆ ಆ ಯಂತ್ರದಲ್ಲಿ ಯಾರೂ ತೂಗಬೇಡಿ," ಎಂದರು ಮುಖ್ಯ ವೈದ್ಯೆ. ಅಕ್ಕ ನೆಲಮಾಳಿಗೆಯ ತಮ್ಮ ಕೋಣೆಗೆ ಅದನ್ನು ಹೊತ್ತೊಯ್ದು ತಪ್ಪು ಹುಡುಕಲು ಕೂತರು. ಬೋರ್ಡು ಪರದೆಯ ಮೇಲೆ ಅಂಕಿ ಬರೆಯುವುದರಲ್ಲಿ ಮುಳುಗಿದ್ದಾಗ ಒಂದು ತಾಳ ಜಾರಿಹೋಗಿತ್ತು. ಮಿಕ್ಕವೆಲ್ಲ ಒಂದು ಮನೆ ಮುಂದೆ ಸರಿದು, ಮುಂದಿನ ತೂಕದ ಸೊನ್ನೆ ಬಾಲಕ್ಕೆ ಅಂಟಿತ್ತು. ಸೊನ್ನೆ-ಒಂದರ ಆ ಗಣಿತದಲ್ಲಿ ಒಂದು ಮನೆ ಸರಿದರೆ ತೂಕ ಇಮ್ಮಡಿ.

"ನನ್ನ ಬೋರ್ಡು ಬರೀತಾ ಕೂತಿತ್ತು, ಯಂತ್ರ ಕರೆದದ್ದು ಕೇಳಿಸ್ಲಿಲ್ಲ. ಈಗ ತಾಳ ಬಿದ್ದ ಕ್ಷಣ ಕೈಲಿದ್ದದ್ದು ಬಿಟ್ಟು ಮೊದಲು ಅಂಕಿ ಎತ್ಕೊಳ್ತದೆ. ಒಂದು ತೂಕ ಮುಗಿದು ಯಂತ್ರ ಚೂರು ಸುಮ್ಮನಾಗ್ತದಲ್ಲ, ಆಗ ಎಣಿಕೆ ಹೊಸದಾಗಿ ಶುರು. ಇಪ್ಪತ್ನಾಲ್ಕಕ್ಕೆ ಒಂದು ಕಮ್ಮಿ ಬಿದ್ರೂ ಬರೀ ಗೆರೆ ಕಾಣ್ತದೆ, ತೂಕ ಕಾಣಲ್ಲ."

ಹನ್ನೊಂದು ದಿನದಲ್ಲಿ ಎರಡು ಸಾವಿರ ಸಲ ತೂಗಿದರು. ಮುಖ್ಯ ವೈದ್ಯೆ ತಾವೇ ಇನ್ನೂರು ಸಲ ತೂಗಿ ನೋಡಿ ಯಂತ್ರವನ್ನು ವಾರ್ಡಿಗೆ ಬಿಟ್ಟುಕೊಂಡರು. ಹೊಸ ಕೂಸನ್ನು ಎರಡು ಯಂತ್ರದಲ್ಲಿ ತೂಗಬೇಕೆಂಬ ನಿಯಮವೂ ಬಂತು.

ಆ ಕೂಸಿನ ಅಜ್ಜಿಗೆ ನಡೆದದ್ದನ್ನೆಲ್ಲ ಅಕ್ಕನೇ ಹೇಳಿದ್ದರು. ಅಜ್ಜಿ ವಾರಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಮನೆಗೆ ಹೊರಟ ದಿನ ಮಾತ್ರ ನರ್ಸನ್ನು ಸರಿಸಿ, ಅಕ್ಕನಿಗೆ "ನೀನೇ ನೋಡಿ ಹೇಳಮ್ಮ," ಎಂದರು. ಎರಡು ಸಾವಿರದ ಹದಿನೈದು ಗ್ರಾಂ.

ಯಂತ್ರದ ಮುಚ್ಚಳದ ಒಳಗೆ ಅಕ್ಕ ಒಂದು ಹಾಳೆ ಅಂಟಿಸಿದ್ದಾರೆ. ಯಾವ ತಂತಿ ಯಾವುದಕ್ಕೆ ಎಂದು ಅದರಲ್ಲಿದೆ.

"ನನ್ನ ಹೆಸರು ಬರ್ದಿಲ್ಲ. ನಾನೆಲ್ಲಿ ತಪ್ಪಿದ್ದೆ ಅನ್ನೋದು ಬರ್ದಿದೀನಿ. ನನ್ನ ನಂತರ ಇದನ್ನ ಬಿಚ್ಚೋರು ಮೊದಲು ಅದನ್ನ ಓದ್ಲಿ, ಅಷ್ಟು ಸಾಕು."