ನರಿ ತೂಗಿದ್ದ ಜಾಗ

ಈಗಲೂ ಯಾರಾದರೂ ಫ್ಯಾನಿನ ಸ್ವಿಚ್ ಒತ್ತಿದರೆ ನನ್ನ ಕಣ್ಣು ಮೊದಲು ಚಾವಣಿಗೆ ಹೋಗುತ್ತದೆ. ವಿಜಯನಗರದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಅಮ್ಮನ ಕಾಗದದ ಪ್ರಾಣಿಗಳ ಪ್ರದರ್ಶನ ನಡೆದ ಭಾನುವಾರದಿಂದ ಹೀಗೆ.

ಅಮ್ಮ ಒರಿಗಾಮಿ ಹಿಡಿದದ್ದು ನಿವೃತ್ತಿಯಾದ ಮೇಲೆ. ಫೋನಿನಲ್ಲಿ ವೀಡಿಯೊ ನೋಡಿಕೊಂಡು ಮೊದಮೊದಲು ಕಾಗದದಲ್ಲಿ ಎಲೆಗಳನ್ನು ಮಡಿಸಿದಳು. ಅರಳಿ, ಹೊಂಗೆ, ಹಾಗಲ. ಎಲೆಯ ನರಗಳು ಕೂಡ ಮಡಿಕೆಯಲ್ಲೇ ಮೂಡಬೇಕು. ಆಮೇಲೆ ಆಮೆ, ಕೊಕ್ಕರೆ. ಅಲ್ಲಿಂದ ಜಪಾನಿನ ಜನಪದ ಕಥೆಗಳ ಜೀವಿಗಳಿಗೆ ಮನಸೋತಳು. ನೆತ್ತಿಯ ಗುಳಿಯಲ್ಲಿ ನೀರು ತುಂಬಿಕೊಂಡು ಹೊಳೆಯಲ್ಲಿರುವ ಕಪ್ಪಾ, ಉದ್ದ ಮೂಗಿನ, ರೆಕ್ಕೆಯಿರುವ ತೆಂಗು ಎಂಬ ಭೂತ, ಕೊನೆಗೆ ಒಂಬತ್ತು ಬಾಲದ ನರಿ. ಕತ್ತರಿಯಾಗಲಿ ಗೋಂದಾಗಲಿ ಮುಟ್ಟುವಂತಿಲ್ಲ, ಒಂದೇ ಹಾಳೆಯಲ್ಲಿ ಎಲ್ಲ ಆಗಬೇಕು. ನರಿಗೆ ಇಡೀ ಬೇಸಿಗೆ ಹಿಡಿಯಿತು. ಬಾಲಗಳ ಹತ್ತಿರ ಬಂದಾಗ ಕಾಗದ ಹರಿಯುತ್ತಿತ್ತು, ಮತ್ತೆ ಹೊಸ ಹಾಳೆ. ಮುಗಿದ ದಿನ ಅದನ್ನು ಊಟದ ಮೇಜಿನ ಮೇಲಿಟ್ಟು, "ಯಾರೂ ಸೀನ್ಬೇಡಿ," ಎಂದಳು.

ಭವನದಲ್ಲಿ ಎಲೆಗಳನ್ನೂ ಉಳಿದ ಜೀವಿಗಳನ್ನೂ ಮೇಜುಗಳ ಮೇಲೆ ಜೋಡಿಸಿದೆವು. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಅದರ ತುಂಬ ಕೊಕ್ಕರೆಗಳನ್ನು ಇಳಿಬಿಟ್ಟೆವು. ನಡುವೆ ನರಿ. ಮಕ್ಕಳಿಗೆ ಚೆನ್ನಾಗಿ ಕಾಣಲಿ ಎಂದು ಅದನ್ನು ಮಾತ್ರ ಕೈಗೆಟುಕುವಷ್ಟು ಕೆಳಗೆ ತೂಗಿಸಿದ್ದಳು. ದಾರದ ಒಂದು ತುದಿ ವೇದಿಕೆಯ ಬಳಿ, ಇನ್ನೊಂದು ಬಾಗಿಲಿನ ಪರದೆಯ ಮೇಲೆ. ಆ ಭವನಕ್ಕೆ ಬಾಗಿಲು ಅದೊಂದೇ.

ಸಂಘದ ಅಧ್ಯಕ್ಷರು ಆಳೆತ್ತರದ ಹಿತ್ತಾಳೆ ದೀಪ ತರಿಸಿ ವೇದಿಕೆಯ ಮೇಲೆ ನಿಲ್ಲಿಸಿದಾಗ ಅಮ್ಮನಿಗೆ ಸಮಾಧಾನವಾಗಲಿಲ್ಲ.

"ಸಾರ್, ಇಲ್ಲಿರೋದೆಲ್ಲಾ ಕಾಗದ. ದೀಪ ಬೇಡ ಸಾರ್."

"ಏನ್ ಮೇಡಂ, ದೀಪ ಹಚ್ಚದೆ ಉದ್ಘಾಟನೆ ಆಗುತ್ತಾ? ಟೇಪ್ ಕತ್ತರಿಸೋಣ ಅಂದ್ರೆ ನೀವು ಕತ್ತರಿನೇ ತಂದಿಲ್ಲ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. "ಹಾಗಾದ್ರೆ ಫ್ಯಾನ್ ಆಫ್ ಇರ್ಲಿ," ಎಂದಳು.

ಫ್ಯಾನ್ ನಿಂತಿತು. ನಮ್ಮಲ್ಲಿ ಯಾವ ಸಮಾರಂಭದಲ್ಲೂ ದೀಪ ಹಚ್ಚುವಾಗ ಫ್ಯಾನ್ ಆರಿಸುತ್ತಾರೆ. ಬತ್ತಿಗಳೆಲ್ಲ ಹತ್ತಿಕೊಂಡು ಚಪ್ಪಾಳೆ ಬಿದ್ದೊಡನೆ ಯಾರೋ ಎದ್ದು ಮತ್ತೆ ಹಾಕುತ್ತಾರೆ. ಅದನ್ನು ಯಾರೂ ಹೇಳಬೇಕಾಗಿಲ್ಲ. ಅಂದೂ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ಯಾರದೋ ಕೈ ಅಭ್ಯಾಸಬಲದಿಂದ ಸ್ವಿಚ್ಚಿಗೆ ಹೋಯಿತು.

ದಾರ ತೂಗಾಡಿತು. ತುದಿಯ ಕೊಕ್ಕರೆ ನೀರು ಕುಡಿಯುವ ಹಾಗೆ ದೀಪದ ಕಡೆ ಬಾಗಿ ಹಿಂದೆ ಸರಿಯಿತು. ಸರಿದಾಗ ಅದರ ರೆಕ್ಕೆಯಲ್ಲಿ ಬೆಂಕಿಯಿತ್ತು. ಅದರಿಂದ ಪಕ್ಕದ್ದಕ್ಕೆ, ಅದರಿಂದ ಮುಂದಿನದಕ್ಕೆ. ದಾರದ ಕೆಳಗೇ ಜಮಖಾನದ ಮೇಲೆ ಕೂತಿದ್ದ ಮಕ್ಕಳು ಇದೂ ಪ್ರದರ್ಶನದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಬೆಂಕಿ ನರಿಯನ್ನು ದಾಟಿದರೆ ಮುಂದೆ ಪರದೆ, ಪರದೆ ಹತ್ತಿಕೊಂಡರೆ ಹೊರಗೆ ಹೋಗಲು ದಾರಿಯಿಲ್ಲ. ಇದೆಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಯಿಂದ ಸ್ವರ ಮಾತ್ರ ಹೊರಡಲಿಲ್ಲ.

ಮಂಡಿನೋವೆಂದು ಮೆಟ್ಟಿಲನ್ನೇ ಅಡ್ಡಡ್ಡ ಇಳಿಯುವ ನಮ್ಮಮ್ಮ ವೇದಿಕೆಯಿಂದ ಧುಮುಕಿದಳು. "ಮಕ್ಕಳಾ, ಎದ್ದು ಗೋಡೆ ಕಡೆ ಹೋಗಿ," ಎನ್ನುತ್ತ ನೇರ ನಡುವಿಗೆ ಬಂದಳು. ದಾರದಲ್ಲಿ ಕೈಗೆಟುಕುತ್ತಿದ್ದದ್ದು ನರಿಯೊಂದೇ. ಬೆಂಕಿ ಇನ್ನೂ ಕೆಲವು ಕೊಕ್ಕರೆಗಳಾಚೆ ಇತ್ತು. ಅವಳು ನರಿಯನ್ನು ಬಿಡಿಸಿಕೊಂಡು ಹೊರಗೆ ಓಡಬಹುದಿತ್ತು. ಹಾಗೆ ಮಾಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಮ್ಮ ನರಿಯನ್ನೂ ಅದರ ನೂಲನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಜಗ್ಗಿದಳು. ಮೊಳೆ ಕಿತ್ತು ಬಂತು. ಉರಿಯುವುದೂ ಉರಿಯದ್ದೂ ಸೇರಿ ಎಲ್ಲ ನೆಲಕ್ಕೆ ಬಿತ್ತು. ನರಿಯೂ ಅದರಲ್ಲೇ. ಅದರ ಮೇಲೆ ಜಮಖಾನ ಎಳೆದು ಹೊದಿಸಿ, ಎರಡೂ ಕೈಯಿಂದ ಒತ್ತಿದಳು. ಆಗ ಉಳಿದವರಿಗೂ ಕೈಕಾಲು ಬಂತು.

ಜಮಖಾನ ಎತ್ತಿದಾಗ ಕರಿ ಬೂದಿ, ಅರೆಸುಟ್ಟ ಕಾಗದದ ಚೂರು ಅಷ್ಟೇ ಇತ್ತು. ಅಮ್ಮನ ಅಂಗೈಯನ್ನು ನೂಲು ಕೊಯ್ದಿತ್ತು, ಬೆರಳುಗಳು ಸುಟ್ಟಿದ್ದವು. ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ ಬಂದರು.

"ಇವತ್ತಿಗೆ ನಿಲ್ಸಿಬಿಡೋಣ ಮೇಡಂ."

"ಯಾಕೆ ಸಾರ್? ಕಪ್ಪಾ ಇದೆ, ಎಲೆಗಳಿದಾವೆ. ಬ್ಯಾಂಡೇಜ್ ಹಾಕಿಸ್ಕೊಂಡು ಬರ್ತೀನಿ, ನೀವು ನೆಲ ಗುಡಿಸಿ."

ಅವರು ನಿಜಕ್ಕೂ ತಾವೇ ಪೊರಕೆ ಹಿಡಿದರು.

ಸಂಜೆ ಸುದ್ದಿ ಕೇಳಿಯೇ ಜನ ಬಂದರು. ಹೊಸಹಳ್ಳಿಯಿಂದ, ಮೆಟ್ರೋ ಹತ್ತಿ ರಾಜರಾಜೇಶ್ವರಿನಗರದಿಂದ ಕೂಡ. ಕಾಲೇಜು ಹುಡುಗನೊಬ್ಬ, "ಆಂಟಿ, ತೆಂಗು ಅಂತೀರ, ಕಾಯಿ ಎಲ್ಲಿ?" ಎಂದು ಛೇಡಿಸಿದ. "ಎಲ್ಲಾ ಮೂಗಿಗೇ ಹೋಯ್ತಪ್ಪ," ಎಂದಳು ಅಮ್ಮ. ಆಮೇಲೆ ಭವನದ ನಡುವೆ ಖಾಲಿ ಇದ್ದ ಜಾಗದಲ್ಲಿ ನಿಂತು, ಬ್ಯಾಂಡೇಜು ಸುತ್ತಿದ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತ ನರಿಯ ಬಗ್ಗೆ ಹೇಳತೊಡಗಿದಳು. ಇಲ್ಲಿಂದ ಕಿವಿ ಬರುತ್ತೆ, ಹಾಳೆಯ ಈ ಮೂಲೆಯಲ್ಲಿ ಬಾಲಗಳನ್ನ ಒಂದರೊಳಗೊಂದು ಬಚ್ಚಿಟ್ಟಿರ್ತೀವಿ, ಕೊನೆಗೆ ಬೀಸಣಿಗೆ ಥರ ಬಿಡಿಸ್ಬೇಕು. ಅಷ್ಟು ಜನ ಏನೂ ಇಲ್ಲದ ಆ ಜಾಗವನ್ನು ಕಣ್ಣು ಕೀಲಿಸಿ ನೋಡುತ್ತಿದ್ದರು.

ನನ್ನ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಪಿಸುಗುಟ್ಟಿದರು, "ಯಾರ್ರೀ ಅವರು?"

"ನಮ್ಮಮ್ಮ," ಎಂದೆ. ಅವರಿಗೆ ಕೇಳಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ.